ಮಧ್ಯಾಹ್ನಕ್ಕೆ ಇಳಿಯುವ ನೀರು

ದೊಡ್ಡತ್ತೆಯ ಹಣೆ ಬೋಳು, ಬಲಗೈಯ ಉಂಗುರದ ಬೆರಳು ಮಾತ್ರ ಸದಾ ಕೆಂಪು. ಎಷ್ಟು ಉಜ್ಜಿದರೂ ಆ ಕುಂಕುಮ ಹೋಗುತ್ತಿರಲಿಲ್ಲ. ಬಾಗಲೂರಿನಾಚೆಯ ನಮ್ಮ ಹಳ್ಳಿಗೆ ಕುಡಿಯಲು ಗುಡ್ಡದ ಬುಡದ ಒರತೆ ಬಾವಿಯೊಂದೇ ಗತಿ. ಬೆಳಿಗ್ಗೆ ಮೊದಲ ಬಿಂದಿಗೆ ಮುಳುಗಿಸುವ ಮುನ್ನ, ನೀರು ನಿಂತ ಮಟ್ಟಕ್ಕೆ ಸರಿಯಾಗಿ ಬಾವಿಯ ಗೋಡೆಗಲ್ಲಿನ ಮೇಲೆ ಅವರು ಕುಂಕುಮದ ಗೆರೆ ಎಳೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೂ ಅವರು ಆ ಕೆಲಸ ಬಿಡಲಿಲ್ಲ. "ಗಂಗಮ್ಮಂಗೆ ಮುತ್ತೈದೆ ಯಾರು, ಮುಂಡೆ ಯಾರು?" ಎಂದು ನಗುತ್ತಿದ್ದರು.

ಅವರು ನನ್ನ ಅತ್ತೆಯ ಓರಗಿತ್ತಿ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಆ ಮನೆಗೆ ಸೊಸೆಯಾಗಿ ಬಂದ ವರ್ಷವೇ ಗುಡ್ಡದ ಕಕ್ಕೆ, ತಂಗಡಿ, ಲಕ್ಕಿ ಪೊದೆಗಳನ್ನೆಲ್ಲ ಸವರಿ ಅರಣ್ಯ ಇಲಾಖೆಯವರು ನೀಲಗಿರಿ ನೆಟ್ಟರು. ನಾನೂ ಸಸಿ ಹೊತ್ತಿದ್ದೆ.

ಐದಾರು ವರ್ಷ ಕಳೆದ ಒಂದು ಬೇಸಿಗೆಯಲ್ಲಿ ಬಾವಿ ವಿಚಿತ್ರವಾಗಿ ಆಡತೊಡಗಿತು. ಮಧ್ಯಾಹ್ನಕ್ಕೆ ನೀರು ಗೆರೆಯಿಂದ ಗೇಣುದ್ದ ಕೆಳಗಿರುತ್ತಿತ್ತು. ಮರುದಿನ ನಸುಕಿಗೆ ಹೆಚ್ಚು ಕಡಿಮೆ ಮತ್ತೆ ಗೆರೆಗೇ ಬಂದಿರುತ್ತಿತ್ತು. ಮುನೇಶ್ವರ ನಡುಹಗಲು ಬಂದು ಕುಡಿಯುತ್ತಾನೆ ಎಂದ ಪೂಜಾರಿ. ಮಧ್ಯಾಹ್ನ ಬಾವಿಯ ಕಡೆ ಯಾರೂ ಸುಳಿಯದಾದರು.

ದೊಡ್ಡತ್ತೆ ಒಂದು ದಿನ ನನ್ನನ್ನು ಎಳೆದುಕೊಂಡು ಹೋಗಿ ಬಾವಿಯ ಮೆಟ್ಟಿಲ ಮೇಲೆ ಕೂತರು. ಬೆಳಿಗ್ಗೆಯಿಂದ ಯಾರಿಗೂ ಬಿಂದಿಗೆ ಇಳಿಸಲು ಬಿಡಲಿಲ್ಲ. ಗಾಳಿಯಿಲ್ಲ, ಹಕ್ಕಿಯ ಸದ್ದೂ ಇಲ್ಲ. ಬಿಸಿಲು ನೆತ್ತಿಗೇರಿದಂತೆ ನೀರು ಅಲುಗದೆ ಕೆಳಕ್ಕೆ ಜಾರಿತು. ಕಾಣದ ಬಾಯೊಂದು ಹೀರುತ್ತಿದ್ದ ಹಾಗಿತ್ತು. ಆರು ತಿಂಗಳ ಬಸುರಿಯಾಗಿದ್ದ ನಾನು ಎದ್ದು ಹೋಗಲು ನೋಡಿದೆ.

"ಹೆದ್ರಬ್ಯಾಡ ಕಣಮ್ಮ. ದೇವ್ರಿಗೆ ಬಿಸ್ಲಾಗೆ ಮಾತ್ರ ಬಾಯಾರ್ತದಾ? ಮ್ಯಾಲೆ ನೋಡು. ಆ ಮರಗೋಳು ಕುಡೀತಾ ಅವೆ. ಎಲೆ ಕಾದಂಗೆ ಬೇರು ಎಳೀತದೆ. ಹೊತ್ತು ಮುಳುಗುದ್ರೆ ಸುಮ್ಕಾಗ್ತವೆ."

ಊರು ಮಾತ್ರ ಮುನೇಶ್ವರ ಶಾಂತನಾಗಲೆಂದು ಅವನಿಗೊಂದು ತೋಪು ಮಾಡಿಕೊಡಲು ಹೊರಟಿತು. ಪುಕ್ಕಟೆ ಸಿಕ್ಕಿದ್ದು ನೀಲಗಿರಿ ಸಸಿ. ಅದನ್ನೇ ಬಾವಿಯ ಸುತ್ತ ನೆಡುವುದೆಂದಾಯಿತು. ಅರಳಿಕಟ್ಟೆಯ ಮುಂದೆ ಸೇರಿದ ಜನರಿಗೆ, ನೀರು ಕುಡಿಯುತ್ತಿರುವುದು ಆ ಮರಗಳೇ ಎಂದು ದೊಡ್ಡತ್ತೆ ಕೂಗಿ ಹೇಳಿದರು. ಯಾರೂ ನಂಬಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿದರು. "ನೀನೂ ಕಂಡಿದ್ದೀಯಲ್ಲ, ಹೇಳಮ್ಮ."

ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಜನರ ನಡುವೆ ನಿಂತಿದ್ದ ನನ್ನ ಅತ್ತೆಯ ಮುಖ ನೋಡಿದೆ. "ನಂಗೇನೂ ಗೊತ್ತಿಲ್ಲ" ಎಂದೆ.

ದೊಡ್ಡತ್ತೆ ನನ್ನನ್ನು ಬೈಯಲಿಲ್ಲ. ಅದು ಇವತ್ತಿಗೂ ನನ್ನನ್ನು ಸುಡುತ್ತದೆ. ಸಸಿ ನೆಟ್ಟ ಮರುದಿನ ಒಬ್ಬರೇ ಕುಡುಗೋಲು ಹಿಡಿದು ಹೋಗಿ, ಕೈಗೆ ಸಿಕ್ಕಷ್ಟು ಸವರಿ ಬಂದರು. ತಿಂಗಳೊಳಗೆ ಜ್ವರ ಬಂತು. ಮುನೇಶ್ವರನ ಮುನಿಸೆಂದು ಹತ್ತಿರ ಹೋಗಲು ಜನ ಹೆದರಿದರು. ಹತ್ತಿರದ ಬೇರಿಕೆ ಊರಿನಿಂದ ಡಾಕ್ಟರು ಬರುವಷ್ಟರಲ್ಲಿ ಪ್ರಾಣ ಹೋಗಿತ್ತು.

ಮುಂದಿನ ಬೇಸಿಗೆಗೆ ಗುತ್ತಿಗೆದಾರರು ಲಾರಿ ತಂದು ಗುಡ್ಡದ ಮರಗಳನ್ನೆಲ್ಲ ಕಡಿದು ಸಾಗಿಸಿದರು. ಆಮೇಲೆ ಬಾವಿಯ ನೀರು ಮಧ್ಯಾಹ್ನವೂ ಇಳಿಯಲಿಲ್ಲ.

"ಆವಮ್ಮನ್ನ ತಕ್ಕೊಂಡು ನೀರು ಬುಟ್ಟವ್ನೆ ನಮ್ಮಪ್ಪ ಮುನೇಶ್ವರ" ಎಂದ ಪೂಜಾರಿ. ಊರಿಗೆ ಊರೇ ಬಾವಿಯ ಮುಂದೆ ಕಾಯಿ ಒಡೆಯಿತು. ಕಂಕುಳಲ್ಲಿ ಮಗು ಇಟ್ಟುಕೊಂಡು ನಾನೂ ಸಾಲಿನಲ್ಲಿ ನಿಂತಿದ್ದೆ. ನನ್ನ ಸರದಿ ಬಂದಾಗ ಪೂಜಾರಿ ಅಂಗೈಗೆ ಆ ನೀರು ಹಾಕಿದ. ಕಣ್ಣಿಗೊತ್ತಿಕೊಂಡು ಕುಡಿದೆ.