ವಾಯರಿಗೂ ಬೇಕಂತೆ ಆಸರೆ

“ಯಾಕ್ರಿ, ವಾಯರಿಗೆ ಟೊಂಕ ಬ್ಯಾನಿ ಏನ್ರಿ?” ಕಲಘಟಗಿಯಲ್ಲಿ ತೊಟ್ಟಿಲು ಮಾಡುವ ಅಜ್ಜ ನನ್ನ ಗಂಡನನ್ನು ಕೇಳಿದ.

ಸ್ಪೀಕರಿನ ವಾಯರ್ ನೆಲಕ್ಕೆ ತಾಗಿದರೆ ಹಾಡು ಕೆಡುತ್ತದೆ ಎಂಬ ಜಾಹೀರಾತು ನಂಬಿ, ಅದನ್ನು ಎತ್ತಿಡಲು ಬೆರಳುದ್ದದ ಎಂಟು ಕಟ್ಟಿಗೆಯ ಗೂಟಗಳನ್ನು ಇವರು ಹನ್ನೆರಡು ಸಾವಿರ ಸುರಿದು ತರಿಸಿದ್ದರು. ಅದರಲ್ಲೊಂದು ಸೀಳಿತ್ತು. ಅಂಥದ್ದೇ ಇನ್ನೊಂದು ಮಾಡಿಸಲು ಹೋಗಿದ್ದೆವು.

ಅಜ್ಜ ಗೂಟವನ್ನು ಮೂಸಿ ನೋಡಿ ಪಕ್ಕಕ್ಕಿಟ್ಟ. “ಹಸಿ ಕಟ್ಟಿಗಿರಿ ಇದು. ಕೂಸು ಮಲಗೂ ತೊಟ್ಟಲಕ್ಕ ನಾವು ಇಂಥಾದ್ದು ಮುಟ್ಟಂಗಿಲ್ರಿ” ಎಂದವನೇ, ಮೂಲೆಯಲ್ಲಿದ್ದ ಚೂರು ಕಟ್ಟಿಗೆಯಲ್ಲಿ ಒಂದನ್ನು ಕೆತ್ತಿ ಪುಕ್ಕಟೆ ಕೊಟ್ಟ.

ಹಾಡು ಮೊದಲು ಹೇಗಿತ್ತೋ ಹಾಗೇ ಇದೆ. ನಿಜವಾಗಿ ಸೊಂಟ ನೋವಿರುವುದು ನಮ್ಮ ಅತ್ತೆಗೆ. ಮಂಚ ಕೇಳಿ ವರ್ಷವಾಯಿತು. ಅವರಿನ್ನೂ ನೆಲದ ಮೇಲೇ ಮಲಗುತ್ತಾರೆ. ವಾಯರ್ ಮಾತ್ರ ನೆಲ ಮುಟ್ಟುವುದಿಲ್ಲ.