ಪ್ರಕಾಶನ ವಾಂಗಿಬಾತ್

ನನ್ನ ಹೆಂಡ್ತಿ ವೀಣಾಗೆ ತನ್ನ ಆಫೀಸಿನ ಪ್ರಕಾಶ್ ಮಾಡಿ ತರೋ ವಾಂಗಿಬಾತ್ ಹೊಗಳಿದಷ್ಟೂ ಸಾಲದು. ಕೇಳಿ ಕೇಳಿ ಹೊಟ್ಟೆ ಉರೀತಿತ್ತು. ನಮ್ಮ ಮದುವೆ ವಾರ್ಷಿಕೋತ್ಸವ ಭಾನುವಾರ ಬಂತು. ಅದನ್ನೇ ಇನ್ನೂ ಚೆನ್ನಾಗಿ ಮಾಡಿ ಬಡಿಸೋಣ ಅಂತ ಸಾರಕ್ಕಿ ಮಾರ್ಕೆಟ್ಟಿಗೆ ಹೋದೆ. ಅಲ್ಲಿ ಯಾವ ಬದನೆಕಾಯಿ ತಗೋಬೇಕು ಅನ್ನೋದೇ ಗೊತ್ತಾಗ್ಲಿಲ್ಲ. ನಾಚಿಕೆ ಬಿಟ್ಟು ಪ್ರಕಾಶ್‌ಗೇ ಫೋನ್ ಮಾಡಿದೆ.

“ಉದ್ದ ಹಸಿರು ಬದನೆ ತಗೊಳ್ಳಿ ಸಾರ್. ಪುಡಿ ನಾನೇ ಮನೇಲಿ ಮಾಡಿದ್ದಿದೆ, ಜಯನಗರದಿಂದ ಈಗ್ಲೇ ತಂದ್ಕೊಡ್ತೀನಿ,” ಅಂದ.

ತಂದೇಬಿಟ್ಟ. ನೋಡೋಕೂ ಚೆನ್ನಾಗಿದ್ದ.

“ಗೋಡಂಬಿ ಜಾಸ್ತಿ ಹಾಕಿ ಸಾರ್, ಮೇಡಂಗೆ ಇಷ್ಟ.”

ಇದನ್ನೂ ಇವನೇ ಹೇಳ್ಬೇಕಾ? ಹಲ್ಲು ಕಚ್ಚಿಕೊಂಡು ಥ್ಯಾಂಕ್ಸ್ ಅಂದೆ.

ಸಂಜೆ ವೀಣಾ ಮೊದಲ ತುತ್ತಿಗೇ ಕಣ್ಣರಳಿಸಿದಳು.

“ಅಯ್ಯೋ, ಥೇಟ್ ಪ್ರಕಾಶ್ ಮಾಡಿದ ಹಾಗೇ ಇದೆ ಕಣೋ!”

ನನ್ನ ಅಡುಗೇನ ಅವಳು ಇಷ್ಟು ಹೊಗಳಿದ್ದು ಅದೇ ಮೊದಲು. ಇನ್ನೊಂದು ಸೌಟು ಬಡಿಸಿದೆ.