ಹನ್ನೊಂದು ಒಂದುಗಳು

ಮೇಷ್ಟ್ರ ಎರಡೂ ಕಣ್ಣಿನ ಪಾಪೆಯ ಮೇಲೆ ಮಜ್ಜಿಗೆ ತೊಟ್ಟಿಕ್ಕಿದಂತೆ ಬಿಳಿ ಕೂತಿತ್ತು. ಪೊರೆ ತೆಗೆದರೂ ಉಪಯೋಗವಿಲ್ಲ, ಒಳಗಿನ ನರವೇ ಸತ್ತಿದೆ ಎಂದು ಸತ್ಯಮಂಗಲದ ಡಾಕ್ಟರು ಹೇಳಿ ಕಳಿಸಿದ್ದರು.

ತಾಳವಾಡಿಯಲ್ಲಿ ನಮಗೆ ಗಣಿತ ಕಲಿಸಿದವರು ಅವರು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಬೋರ್ಡಿನ ಮೇಲೆ ಬರೀ ಒಂದನ್ನೇ ಸಾಲಾಗಿ ಬರೆದು, ಆ ಸಂಖ್ಯೆಗಳನ್ನು ಒಡೆದು ತೋರಿಸಿದರು. ನೂರ ಹನ್ನೊಂದು ಅಂದರೆ ಮೂರು ಸಲ ಮೂವತ್ತೇಳು. ಐದು ಒಂದುಗಳದ್ದೂ ಒಡೆಯಿತು, ಏಳು ಒಂದುಗಳದ್ದೂ ಒಡೆಯಿತು.

"ಅನ್ನೊಂದು ಒಂದು ಬರುದ್ರೆ ಸಾ?" ಎಂದು ಕೇಳಿದೆ.

ಗಂಟೆ ಹೊಡೆಯುವವರೆಗೂ ಮೂರು, ಏಳು, ಹದಿಮೂರರಿಂದ ಭಾಗಿಸಿ ನೋಡಿದರು. "ನಾಳೆ ಯೋಳ್ತೀನಿ, ಕೂತ್ಕವ್ವ."

ನಾನು ಮರೆತೆ. ಅವರು ಮರೆಯಲಿಲ್ಲ. ಎರಡು ಸಾವಿರದ ಇಸವಿ ದಾಟಿದ ಮೇಲೆ ಅದೇ ಸ್ಕೂಲಿಗೆ ನಾನು ಟೀಚರಾಗಿ ಬಂದಾಗ ಮೇಷ್ಟ್ರು ರಿಟೈರಾಗಿದ್ದರು. ಅವಿಭಾಜ್ಯ ಸಂಖ್ಯೆಗಳ ದೊಡ್ಡ ಪಟ್ಟಿ ಮಾಡಿಕೊಂಡು, ಒಂದೊಂದರಿಂದಲೂ ಆ ಹನ್ನೊಂದು ಒಂದುಗಳ ಸಂಖ್ಯೆಯನ್ನು ಭಾಗಿಸುತ್ತಾ ಇಪ್ಪತ್ತು ಸಾವಿರ ದಾಟಿದ್ದರು. ಅಷ್ಟರಲ್ಲಿ ಕಣ್ಣು ಹೋಯಿತು. ಅಲ್ಲಿಂದ ಭಾಗಾಕಾರ ನನ್ನದಾಯಿತು. ಕ್ಯಾಲ್ಕುಲೇಟರಿನಲ್ಲಿ ಹತ್ತೇ ಅಂಕಿ ಹಿಡಿಯುತ್ತಿದ್ದುದರಿಂದ ಎಲ್ಲವೂ ಕೈಲೆಕ್ಕ. ಸ್ಕೂಲು ಬಿಟ್ಟ ಮೇಲೆ ದಿನಕ್ಕೆ ಹತ್ತು.

"ಮೀದಿ ಎಷ್ಟವ್ವ?" ಎನ್ನುವರು. ಶೇಷಕ್ಕೆ ಅವರ ಬಾಯಲ್ಲಿ ತಮಿಳಿನ ಮಾತೇ ಬರುತ್ತಿತ್ತು. ಮೀದಿ ಸೊನ್ನೆಯಾದರೆ ಸಂಖ್ಯೆ ಒಡೆದಂತೆ.

ಒಂದು ಸಂಜೆ ಗೆಟ್ಟವಾಡಿ ಬಸ್ಸಿಗೆ ಹೊತ್ತಾಗಿತ್ತು. ಆ ದಿನದ ಹತ್ತರಲ್ಲಿ ಇನ್ನೂ ಆರು ಉಳಿದಿದ್ದವು. ನಾನು ಭಾಗಿಸಲಿಲ್ಲ. ಪೆನ್ನಿನ ಸದ್ದು ಕೇಳಲಿ ಎಂದು ಕಾಗದದ ಮೇಲೆ ಗೀಚಿ, ಆರಕ್ಕೂ ಬಾಯಿಗೆ ಬಂದ ಶೇಷ ಹೇಳಿ ಬರೆದುಕೊಂಡೆ. ಮೇಷ್ಟ್ರು ಪ್ರತಿ ಸಲವೂ ತಲೆಯಾಡಿಸಿದರು.

"ಬಸ್ಸು ಒಂಟೋಗ್ಬುಡ್ತದೆ, ಓಗವ್ವ" ಎಂದರು.

ಮತ್ತೆ ಎರಡು ವರ್ಷ ಭಾಗಿಸಿದೆವು. ಅವರು ಹಾಸಿಗೆ ಹಿಡಿದರು. ಕೊನೆಯ ಸಲ ನೋಡಲು ಹೋದಾಗ ನನ್ನ ಕೈ ತಡಕಿ ಹಿಡಿದುಕೊಂಡರು.

"ವರ್ಗಮೂಲದ ಗಂಟ, ಒಂದು ಲಕ್ಷದ ಐದು ಸಾವ್ರದ ಗಂಟ ಓಗ್ಬೇಕಾಗಿತ್ತು. ಅಷ್ಟು ದಿನ ನಂಗಿಲ್ಲ. ನೀ ಕೇಳಿದ್ಕೆ ನಾನು ಉತ್ರ ಕೊಡ್ನಿಲ್ಲ ಕಣವ್ವ."

ಆ ಆರನ್ನು ಭಾಗಿಸಿರಲಿಲ್ಲ ಎಂದು ಆಗಲೂ ಹೇಳಲಿಲ್ಲ. ಮೂರನೇ ದಿನ ಅವರು ತೀರಿಕೊಂಡರು.

ತಿಥಿ ಕಳೆದ ಮೇಲೆ ಅವರ ಮಗಳು ನೋಟ್‌ಬುಕ್ಕುಗಳನ್ನು ನನಗೇ ಕೊಟ್ಟರು. ಗೀಚಿದ ಪುಟ ಹುಡುಕಿ, ಆರನ್ನೂ ಮಾಡಲು ಕೂತೆ. ಮೊದಲ ಮೂರರಲ್ಲೂ ಶೇಷ ಉಳಿಯಿತು. ನಾಲ್ಕನೆಯದು ಇಪ್ಪತ್ತೊಂದು ಸಾವಿರದ ಆರುನೂರ ನಲವತ್ತೊಂಬತ್ತು. ಭಾಗಲಬ್ಧ ಐದು ಲಕ್ಷದ ಹದಿಮೂರು ಸಾವಿರದ ಇನ್ನೂರ ಮೂವತ್ತೊಂಬತ್ತು. ಶೇಷ ಸೊನ್ನೆ. ನಂಬದೆ ಇನ್ನೊಮ್ಮೆ ಮಾಡಿದೆ. ಸೊನ್ನೆಯೇ.

ಐದು ನಿಮಿಷದ ಕೆಲಸ. ಆ ಸಂಜೆಯೇ ಅವರಿಗೆ ಹೇಳಬಹುದಿತ್ತು. ಆಮೇಲಿನ ಎರಡು ವರ್ಷ ಅವರು ಕಿವಿಗೊಟ್ಟು ಕೇಳಿದ ಒಂದೊಂದು ಲೆಕ್ಕವೂ ದಂಡವಾಯಿತು.

ಅವರ ಮಗಳಿಗೆ ಇದನ್ನು ಹೇಳಿಲ್ಲ. ಆ ಪುಟದಲ್ಲಿ ಆ ಸಂಖ್ಯೆಯ ಮುಂದೆ ನನ್ನ ಕೈಬರಹದಲ್ಲಿ ಶೇಷ ಹದಿನೇಳು ಎಂದೇ ಇದೆ. ತಿದ್ದಲು ಎರಡು ಸಲ ಪೆನ್ನು ತೆಗೆದುಕೊಂಡೆ. ಯಾರಿಗೆಂದು ತಿದ್ದಲಿ.